ಎರಡು ತಾರೀಕುಗಳ ನಡುವೆ: ಓಸ್ಲೋದ ಎರವಲು ಕೆಲಸಗಾರರ ಪ್ರಕರಣ

2023ರ ಜೂನ್ 30ರ ಸಂಜೆಗೆ ನಾರ್ವೆಯ ರಾಜಧಾನಿ ಓಸ್ಲೋ ಮತ್ತು ಅದರ ಸುತ್ತಲಿನ ಜಿಲ್ಲೆಗಳ ಕಟ್ಟಡ ಕಾಮಗಾರಿಗಳಲ್ಲಿ ಒಂದು ಬಗೆಯ ಕೆಲಸಗಾರನಿಗೆ ಕಾನೂನು ಕೊಟ್ಟಿದ್ದ ಜಾಗ ಮುಗಿದುಹೋಯಿತು. ಆತ ಮಾಡುತ್ತಿದ್ದ ಕೆಲಸ ಮುಗಿದಿರಲಿಲ್ಲ. ಹಾಕಬೇಕಾದ ಸೆಂಟ್ರಿಂಗ್, ಕಟ್ಟಬೇಕಾದ ಕಂಬಿ, ಕೂರಿಸಬೇಕಾದ ಕಿಟಕಿ ಎಲ್ಲವೂ ಮರುದಿನಕ್ಕೂ ಇದ್ದವು. ಆದರೆ ಏಜೆನ್ಸಿಯೊಂದರ ನೌಕರನಾಗಿದ್ದುಕೊಂಡು, ಬೇರೊಂದು ಕಟ್ಟಡ ಕಂಪನಿಯ ಮೇಲ್ವಿಚಾರಕನ ಮಾತಿನಂತೆ ದುಡಿಯುವ ಆ ಮೂರು ಮೂಲೆಯ ಸಂಬಂಧಕ್ಕೆ ಜುಲೈ 1ರಿಂದ ಆ ಪ್ರದೇಶದಲ್ಲಿ ಅನುಮತಿ ಇರಲಿಲ್ಲ.

ಇಂಥ ಏಜೆನ್ಸಿಗಳನ್ನು ಬೆಂಗಳೂರಿನಲ್ಲಿ ಜನ ಮ್ಯಾನ್‌ಪವರ್ ಏಜೆನ್ಸಿ ಎನ್ನುತ್ತಾರೆ. ಆ ಹೆಸರಿನದೇ ಒಂದು ಬಹುರಾಷ್ಟ್ರೀಯ ಕಂಪನಿ ನಾರ್ವೆಯಲ್ಲೂ ಇರುವುದರಿಂದ ಗೊಂದಲ ಬೇಡವೆಂದು ಈ ಬರಹದಲ್ಲಿ ಬರಿಯ ‘ಏಜೆನ್ಸಿ’ ಎಂದೂ, ಅದರ ಮೂಲಕ ಬೇರೆಯವರ ಬಳಿ ದುಡಿಯುವವರನ್ನು ‘ಎರವಲು ಕೆಲಸಗಾರರು’ ಎಂದೂ ಕರೆದಿದ್ದೇನೆ. ಹೊಸ ನಿಯಮ ಕೆಲಸಗಳನ್ನು ನುಂಗಿತು ಎಂಬುದು ಏಜೆನ್ಸಿಗಳ ದೂರು. ಕೆಲಸ ಎಲ್ಲಿಗೂ ಹೋಗಿಲ್ಲ, ಏಜೆನ್ಸಿಯ ಹೆಸರಿನಿಂದ ಕಟ್ಟಡ ಕಂಪನಿಯ ಹೆಸರಿಗೆ ವರ್ಗವಾಗುತ್ತದೆ, ಅಷ್ಟೇ ಎಂಬುದು ಕಾರ್ಮಿಕ ಸಂಘಗಳ ಮಾತು. ಎರಡೂ ಕಡೆಯವರು ಎಣಿಸುತ್ತಿದ್ದುದು ಒಂದೇ ವಸ್ತುವನ್ನಲ್ಲ ಎಂಬುದು ಈ ಪ್ರಕರಣವನ್ನು ಹತ್ತಿರದಿಂದ ನೋಡಿದಾಗ ನನಗೆ ಅನ್ನಿಸಿದ್ದು. ನಡುವೆ ಯಾರು ನಿಲ್ಲಬಾರದು ಎಂಬುದನ್ನು ನಿಯಮ ಸ್ಪಷ್ಟವಾಗಿ ಹೇಳಿತು. ನಡುವಿನವನು ಸರಿದ ಮೇಲೆ ಕೆಲಸಗಾರನ ಕೈಯನ್ನು ಯಾರು ಹಿಡಿಯಬೇಕು ಎಂಬುದನ್ನು ಮಾತ್ರ ಮಾರುಕಟ್ಟೆಗೆ ಬಿಟ್ಟಿತು.

ಹಳೆಯ ನಿಷೇಧ, ನಡುವಿನ ಸಡಿಲಿಕೆ

ನಾರ್ವೆಗೆ ಈ ನಿಷೇಧ ಹೊಸದಲ್ಲ. ಎರಡನೆಯ ಮಹಾಯುದ್ಧದ ನಂತರ, 1947ರ ಉದ್ಯೋಗ ಕಾಯ್ದೆಯ ಮೂಲಕ ಖಾಸಗಿಯವರು ಲಾಭಕ್ಕಾಗಿ ಕೆಲಸ ಕೊಡಿಸುವ ವ್ಯವಹಾರವನ್ನು ಅಲ್ಲಿ ಬಿಗಿಯಾಗಿ ಹಿಡಿದಿಡಲಾಗಿತ್ತು. 1971ರಲ್ಲಿ ಕಾರ್ಮಿಕರನ್ನು ಎರವಲು ಕೊಡುವುದನ್ನೂ ಕೆಲವು ವಿನಾಯಿತಿಗಳನ್ನು ಬಿಟ್ಟು ನಿಷೇಧಿಸಲಾಯಿತು. ದುಡಿಮೆಗಾರನಿಗೂ ದುಡಿಸಿಕೊಳ್ಳುವವನಿಗೂ ನಡುವೆ ದಲ್ಲಾಳಿ ಇರಬಾರದು ಎಂಬ ಯುದ್ಧಾನಂತರದ ತಲೆಮಾರಿನ ನಂಬಿಕೆ ಇದರ ಹಿಂದಿತ್ತು. 1990ರ ದಶಕದಲ್ಲಿ ಈ ವಿಚಾರವನ್ನು ಪರಿಶೀಲಿಸಿದ ಸರ್ಕಾರಿ ಸಮಿತಿ 1998ರಲ್ಲಿ ವರದಿ ಕೊಟ್ಟಿತು, 2000ದ ಜುಲೈ 1ರಿಂದ ಬಾಗಿಲು ತೆರೆಯಿತು. ಕಂಪನಿಯೊಂದು ತಾತ್ಕಾಲಿಕ ನೌಕರರನ್ನು ನೇರವಾಗಿ ನೇಮಿಸಿಕೊಳ್ಳಲು ಕಾನೂನು ಒಪ್ಪುವಂಥ ಕಾರಣವಿದ್ದರೆ, ಅದೇ ಕಾರಣಕ್ಕೆ ಏಜೆನ್ಸಿಯಿಂದ ಎರವಲು ಪಡೆಯಬಹುದು ಎಂಬುದು ಆಗ ಬಂದ ನಿಯಮದ ತಿರುಳು. ರಜೆ ಹೋದವನ ಜಾಗಕ್ಕೆ ಬದಲಿಯಾಗಿ ಬರುವುದು ಒಂದು ಕಾರಣ. ಕೆಲಸವೇ ತಾತ್ಕಾಲಿಕ ಸ್ವರೂಪದ್ದು ಎಂಬುದು ಇನ್ನೊಂದು.

ಈ ಎರಡನೆಯ ಕಾರಣವೇ ಮುಂದಿನ ಇಡೀ ಕಥೆಯ ಬೇರು. ಯಾವ ಕಟ್ಟಡದ ಕೆಲಸ ತಾತ್ಕಾಲಿಕವಲ್ಲ? ಒಂದು ಮನೆ ಎದ್ದ ಮೇಲೆ ಆ ಮನೆಯ ಕೆಲಸ ಮುಗಿಯಲೇಬೇಕು. ಆದರೆ ಮನೆ ಕಟ್ಟುವ ಕಂಪನಿಯ ಕೆಲಸ ಮುಗಿಯುವುದಿಲ್ಲ, ಅದು ಮುಂದಿನ ಮನೆಗೆ ಹೋಗುತ್ತದೆ. ಕಾನೂನಿನ ಉದ್ದೇಶ ಕಂಪನಿಯ ಕೆಲಸವನ್ನು ನೋಡಬೇಕು ಎಂದಿದ್ದರೂ ರೂಢಿಯಲ್ಲಿ ಒಂದೊಂದು ಕಟ್ಟಡವನ್ನೂ ಬೇರೆ ಬೇರೆ ತಾತ್ಕಾಲಿಕ ಕೆಲಸವೆಂದು ಲೆಕ್ಕ ಹಾಕುವುದು ಸಲೀಸಾಗಿತ್ತು.

2004ರ ಮೇ 1ರಂದು ಪೋಲೆಂಡ್, ಲಿಥುವೇನಿಯಾ ಸೇರಿದಂತೆ ಹತ್ತು ದೇಶಗಳು ಯುರೋಪಿಯನ್ ಒಕ್ಕೂಟವನ್ನು ಸೇರಿದವು. ನಾರ್ವೆ ಆ ಒಕ್ಕೂಟದ ಸದಸ್ಯ ದೇಶವಲ್ಲ. ಆದರೂ ಯುರೋಪಿಯನ್ ಆರ್ಥಿಕ ಪ್ರದೇಶದ ಒಪ್ಪಂದಕ್ಕೆ 1994ರಿಂದ ಬದ್ಧವಾಗಿರುವುದರಿಂದ ಕಾರ್ಮಿಕರ ಮತ್ತು ಸೇವೆಗಳ ಮುಕ್ತ ಸಂಚಾರ ಅದಕ್ಕೂ ಅನ್ವಯಿಸುತ್ತದೆ. ಭಾಷೆ ತಿಳಿಯದ, ಸ್ಥಳೀಯ ಪರಿಚಯವಿಲ್ಲದ ಸಾವಿರಾರು ಬಡಗಿಗಳಿಗೂ ಕಂಬಿ ಕಟ್ಟುವವರಿಗೂ ಬಣ್ಣ ಬಳಿಯುವವರಿಗೂ ಏಜೆನ್ಸಿಯೇ ನಾರ್ವೆಯ ಹೆಬ್ಬಾಗಿಲಾಯಿತು. ಕೆಲಸ ಹುಡುಕಿಕೊಡುವುದು, ತೆರಿಗೆ ಚೀಟಿ ಮಾಡಿಸುವುದು, ಮಲಗಲು ಹಂಚಿಕೆಯ ಕೋಣೆ ಕೊಡಿಸುವುದು ಎಲ್ಲವೂ ಒಂದೇ ಕಚೇರಿಯಲ್ಲಿ ನಡೆಯುತ್ತಿತ್ತು. ನಮ್ಮಲ್ಲಿ ಊರಿನಿಂದ ಆಳುಗಳನ್ನು ಕರೆತರುವ ಮೇಸ್ತ್ರಿಯ ಕೆಲಸವೂ ಇದೇ. ವ್ಯತ್ಯಾಸವೆಂದರೆ ನಾರ್ವೆಯಲ್ಲಿ ಒಪ್ಪಂದ ಬರಹದಲ್ಲಿರುತ್ತಿತ್ತು.

ಆ ಬರಹದ ಒಪ್ಪಂದದಲ್ಲೇ ಒಂದು ಕುಣಿಕೆಯೂ ಇತ್ತು. ಅನೇಕ ಏಜೆನ್ಸಿಗಳು ಕೆಲಸಗಾರರನ್ನು ‘ಸಂಬಳದ ಖಾತರಿಯಿಲ್ಲದ ಕಾಯಂ ನೌಕರಿ’ಗೆ ತೆಗೆದುಕೊಳ್ಳುತ್ತಿದ್ದವು. ಹೆಸರಿಗೆ ಕಾಯಂ, ಆದರೆ ಒಂದು ಕಾಮಗಾರಿ ಮುಗಿದು ಇನ್ನೊಂದು ಸಿಗುವವರೆಗೆ ಸಂಬಳವಿಲ್ಲ. 2019ರ ಜನವರಿ 1ರಿಂದ ಕಾನೂನು ಇದಕ್ಕೆ ತಡೆ ಹಾಕಿ, ಕಾಯಂ ನೌಕರಿ ಎಂದರೆ ಮುಂಚಿತವಾಗಿ ತಿಳಿದಿರುವಷ್ಟು ನೈಜ ಪ್ರಮಾಣದ ಕೆಲಸ ಮತ್ತು ಅದರ ಸಂಬಳ ಎಂದು ವ್ಯಾಖ್ಯಾನಿಸಿತು. ಇದಕ್ಕೂ ಮೊದಲು, 2013ರಿಂದ, ಎರವಲು ಕೆಲಸಗಾರನಿಗೆ ಎರವಲು ಪಡೆದ ಕಂಪನಿಯ ಸ್ವಂತ ನೌಕರನಷ್ಟೇ ಸಂಬಳ ಕೊಡಬೇಕೆಂಬ ಸಮಾನತೆಯ ನಿಯಮ ಬಂದಿತ್ತು. ಅಂದರೆ 2023ಕ್ಕೆ ಬರುವ ಹೊತ್ತಿಗೆ ಏಜೆನ್ಸಿಯ ವ್ಯವಹಾರದ ಅಂಚುಗಳು ಎರಡು ಸಲ ಕತ್ತರಿಸಲ್ಪಟ್ಟಿದ್ದವು.

ನಿಯಮ ಬದಲಾದದ್ದು ಹೇಗೆ

2015ರಲ್ಲಿ ಅಂದಿನ ಬಲಪಂಥೀಯ ಸರ್ಕಾರ ತಾತ್ಕಾಲಿಕ ನೇಮಕಾತಿಗಳನ್ನು ಸಡಿಲಗೊಳಿಸಲು ಹೊರಟಾಗ ಜನವರಿ 28ರಂದು ದೇಶದಾದ್ಯಂತ ಎರಡು ಗಂಟೆಗಳ ರಾಜಕೀಯ ಮುಷ್ಕರ ನಡೆದಿತ್ತು. ಆದರೂ ಆ ಸಡಿಲಿಕೆ ಜಾರಿಗೆ ಬಂತು. 2021ರ ಅಕ್ಟೋಬರ್‌ನಲ್ಲಿ ಯೂನಾಸ್ ಗಾರ್ ಸ್ತ್ಯೋರೆ ಅವರ ನೇತೃತ್ವದಲ್ಲಿ ಲೇಬರ್ ಪಕ್ಷ ಮತ್ತು ಸೆಂಟರ್ ಪಕ್ಷದ ಸರ್ಕಾರ ಬಂದ ಮೇಲೆ ಗಾಳಿ ತಿರುಗಿತು. 2022ರ ಜುಲೈ 1ರಿಂದ ಆ 2015ರ ಸಡಿಲಿಕೆ ರದ್ದಾಯಿತು. ಅಕ್ರಮ ಎರವಲಿನ ವಿರುದ್ಧ ಕಾರ್ಮಿಕ ಸಂಘವೇ ತನ್ನ ಹೆಸರಿನಲ್ಲಿ ದಾವೆ ಹೂಡುವ ಹಕ್ಕು ಮರಳಿ ಬಂತು. ಎರವಲಿನ ಬಗೆಗಿನ ಮಸೂದೆ ಅದೇ ಬೇಸಿಗೆಯಲ್ಲಿ ಸಂಸತ್ತಿಗೆ ಬಂದು ಡಿಸೆಂಬರ್‌ನಲ್ಲಿ ಅಂಗೀಕಾರವಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆಗ ಕಾರ್ಮಿಕ ಸಚಿವರಾಗಿದ್ದವರು ಮಾರ್ಟೆ ಮ್ಯೋಸ್ ಪರ್ಸೆನ್.

ಬದಲಾವಣೆಗಳು ಹಲವಿದ್ದರೂ ತೂಕದವು ಎರಡು. ಮೊದಲನೆಯದು ಇಡೀ ದೇಶಕ್ಕೆ ಅನ್ವಯಿಸುತ್ತದೆ: ಕೆಲಸ ತಾತ್ಕಾಲಿಕ ಸ್ವರೂಪದ್ದು ಎಂಬ ಕಾರಣಕ್ಕೆ ಇನ್ನು ಏಜೆನ್ಸಿಯಿಂದ ಎರವಲು ಪಡೆಯುವಂತಿಲ್ಲ. ಬದಲಿ ಕೆಲಸದಂಥ ಕೆಲವು ಕಾರಣಗಳು ಉಳಿದವು. ಅವುಗಳ ಹೊರತಾಗಿ ಉಳಿದ ದೊಡ್ಡ ದಾರಿಯೆಂದರೆ, ಕನಿಷ್ಠ 10,000 ಸದಸ್ಯರಿರುವ ಕಾರ್ಮಿಕ ಸಂಘದೊಂದಿಗೆ ಸಾಮೂಹಿಕ ಒಪ್ಪಂದ ಹೊಂದಿರುವ ಕಂಪನಿ ತನ್ನಲ್ಲಿರುವ ಕಾರ್ಮಿಕ ಪ್ರತಿನಿಧಿಗಳ ಲಿಖಿತ ಒಪ್ಪಿಗೆ ಪಡೆದು ಎರವಲು ತರುವುದು. ಎರಡನೆಯದು ಪ್ರದೇಶವಾರು: ಓಸ್ಲೋ, ವೀಕೆನ್ ಮತ್ತು ಹಳೆಯ ವೆಸ್ಟ್‌ಫೋಲ್ಡ್ ಜಿಲ್ಲೆಗಳ ಕಟ್ಟಡ ಕಾಮಗಾರಿಗಳಲ್ಲಿ ಏಜೆನ್ಸಿಯಿಂದ ಎರವಲು ಪಡೆಯುವುದೇ ನಿಷಿದ್ಧ. ಸಂಘ ಒಪ್ಪಿದರೂ ಇಲ್ಲಿ ದಾರಿಯಿಲ್ಲ. ಈ ನಿಷೇಧ ಬಂದದ್ದು ಸರ್ಕಾರ ಹೊರಡಿಸಿದ ನಿಯಮಾವಳಿಯ ಮೂಲಕ. ಸಾರ್ವಜನಿಕ ಹಿತಕ್ಕೆ ಅಗತ್ಯವೆನಿಸಿದರೆ ಕೆಲವು ಕ್ಷೇತ್ರಗಳಲ್ಲಿ ಎರವಲನ್ನು ನಿಷೇಧಿಸುವ ಅಧಿಕಾರವನ್ನು ಕಾಯ್ದೆ ಮೊದಲೇ ಸರ್ಕಾರಕ್ಕೆ ಕೊಟ್ಟಿತ್ತು. ದೇಶವ್ಯಾಪಿಯಾದ ಮೊದಲ ಬದಲಾವಣೆಯಿಂದ ಆರೋಗ್ಯ ಸಿಬ್ಬಂದಿಗೂ ವಿಶೇಷ ಪರಿಣತಿಯ ಸಲಹೆಗಾರರಿಗೂ ವಿನಾಯಿತಿ ಸಿಕ್ಕಿತು. ಓಸ್ಲೋದ ಬ್ಯಾಂಕೊಂದರಲ್ಲಿ ಯೋಜನೆಗಾಗಿ ಕೂತಿರುವ ಬೆಂಗಳೂರಿನ ಸಾಫ್ಟ್‌ವೇರ್ ತಜ್ಞನಂಥವರಿಗೆ ನೆರಳು ಸಿಕ್ಕಿದ್ದು ಈ ಎರಡನೆಯ ವಿನಾಯಿತಿಯಡಿ.

ಸರ್ಕಾರ ಮುಂದಿಟ್ಟ ಕಾರಣಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ರಾಜಧಾನಿಯ ಸುತ್ತ ಕಟ್ಟಡ ಕ್ಷೇತ್ರದಲ್ಲಿ ಎರವಲಿನ ಪ್ರಮಾಣ ದೇಶದ ಸರಾಸರಿಗಿಂತ ಬಹಳ ಹೆಚ್ಚಿತ್ತು. ಕಂಪನಿಗಳು ಸ್ವಂತ ಕುಶಲಕರ್ಮಿಗಳನ್ನು ಕಡಿಮೆ ಮಾಡಿಕೊಂಡು ಬೇಕೆಂದಾಗ ಫೋನ್ ಮಾಡಿ ಕೈಗಳನ್ನು ತರಿಸುತ್ತಿದ್ದವು. ಸ್ವಂತ ನುರಿತ ಬಡಗಿಗಳಿಲ್ಲದ ಕಂಪನಿ ಅಪ್ರೆಂಟಿಸ್ ಹುಡುಗರನ್ನು ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಕಲಿಸುವವರೇ ಇರುವುದಿಲ್ಲ. ಕಟ್ಟಡ ಕ್ಷೇತ್ರದ ಮುಖ್ಯ ಸಂಘವಾದ ಫೆಲ್ಲೆಸ್‌ಫೊರ್ಬುಂಡೆಟ್ ಈ ವಾದವನ್ನು ವರ್ಷಗಟ್ಟಲೆ ಮಾಡುತ್ತ ಬಂದಿತ್ತು. ಮಾಲೀಕರ ಒಕ್ಕೂಟ ಎನ್‌ಎಚ್‌ಒ ಮಾತ್ರ, ಕೆಲವರ ತಪ್ಪಿಗೆ ಇಡೀ ಉದ್ಯಮವನ್ನೇ ಮುಚ್ಚಿಸುವುದು ಅತಿಯಾಯಿತು, ಈಗಿರುವ ನಿಯಮಗಳನ್ನು ನೆಟ್ಟಗೆ ಜಾರಿ ಮಾಡಿದರೆ ಸಾಕಿತ್ತು ಎಂದು ವಾದಿಸಿತು.

ಏಜೆನ್ಸಿಯ ಲೆಕ್ಕದ ಪುಸ್ತಕ

ಕೆಲಸ ಕಳೆದುಹೋದದ್ದು ಹೇಗೆ ಎಂದು ತಿಳಿಯಲು ಏಜೆನ್ಸಿಯ ಬಿಲ್ಲನ್ನು ಬಿಡಿಸಿ ನೋಡಬೇಕು. ಲೆಕ್ಕದ ಸುಲಭಕ್ಕಾಗಿ ಕೆಲಸಗಾರನ ಗಂಟೆಯ ಕೂಲಿ 100 ಕ್ರೋನ್ ಎಂದುಕೊಳ್ಳೋಣ (ನಿಜವಾದ ಕೂಲಿ ಇದಕ್ಕಿಂತ ಎಷ್ಟೋ ಹೆಚ್ಚು). ಅದಕ್ಕೆ ಶೇಕಡಾ 12 ರಜಾ ವೇತನ ಸೇರುತ್ತದೆ. ಸಾಮೂಹಿಕ ಒಪ್ಪಂದವಿಲ್ಲದ ಕಡೆ ಶೇಕಡಾ 10.2. ಈ ಮೊತ್ತದ ಮೇಲೆ ಮಾಲೀಕ ಕಟ್ಟಬೇಕಾದ ಶೇಕಡಾ 14.1ರ ಸಾಮಾಜಿಕ ತೆರಿಗೆ, ಜೊತೆಗೆ ಕನಿಷ್ಠ ಶೇಕಡಾ 2 ಪಿಂಚಣಿ. ಇಲ್ಲಿಗೇ 130ರ ಹತ್ತಿರ ಬರುತ್ತದೆ. ಕೆಲಸಗಾರ ಕಾಯಿಲೆ ಬಿದ್ದರೆ ಮೊದಲ 16 ದಿನಗಳ ವೇತನ ಮಾಲೀಕನದೇ, ಅಂದರೆ ಏಜೆನ್ಸಿಯದು. 2019ರ ನಂತರ ಎರಡು ಕಾಮಗಾರಿಗಳ ನಡುವಿನ ಖಾಲಿ ದಿನಗಳ ಭಾರವೂ ಅದರದೇ. ಇಷ್ಟೆಲ್ಲ ಕಳೆದ ಮೇಲೆ ಉಳಿಯುವ ತೆಳ್ಳಗಿನ ಪದರದಲ್ಲಿ ಕಚೇರಿ ಬಾಡಿಗೆ, ಸಂದರ್ಶನ ಮಾಡುವವರ ಸಂಬಳ, ವಿಮೆ, ಲಾಭ ಎಲ್ಲ ಹೊರಡಬೇಕು.

ಇಂಥ ವ್ಯವಹಾರ ನಡೆಯುವುದು ಗಂಟೆಗಳ ಸಂಖ್ಯೆಯ ಮೇಲೆ. ನೂರಾರು ಕೆಲಸಗಾರರು ತಿಂಗಳಿಗೆ ಇಷ್ಟು ಗಂಟೆ ಹೊರಗೆ ದುಡಿದರೆ ಮಾತ್ರ ಒಳಗಿನ ಕಚೇರಿ ನಿಲ್ಲುತ್ತದೆ. ಒಂದು ಉತ್ಪಾದನಾ ಕಂಪನಿಗೆ ವ್ಯಾಪಾರ ಇಳಿದರೆ ಗೋದಾಮಿನಲ್ಲಿ ಸರಕಾದರೂ ಉಳಿಯುತ್ತದೆ. ಏಜೆನ್ಸಿಯ ಬಳಿ ಉಳಿಯುವುದು ಸಂಬಳ ಕೊಡಬೇಕಾದ ಮನುಷ್ಯರು. ಹಾಗಾಗಿ ಓಸ್ಲೋ ಸುತ್ತಲಿನ ಕಟ್ಟಡ ಕೆಲಸವನ್ನೇ ನೆಚ್ಚಿಕೊಂಡಿದ್ದ ಏಜೆನ್ಸಿಗೆ ನಿಷೇಧವೆಂದರೆ ವ್ಯಾಪಾರದಲ್ಲಿ ಇಳಿಮುಖವಲ್ಲ, ವ್ಯಾಪಾರವೇ ಇಲ್ಲವಾಗುವುದು.

ಮೂರು ತಿಂಗಳು

ಏಪ್ರಿಲ್ 1ಕ್ಕೆ ಮೊದಲು ಮಾಡಿಕೊಂಡಿದ್ದ ಎರವಲು ಒಪ್ಪಂದಗಳು ಜುಲೈ 1ರವರೆಗೆ ಮುಂದುವರಿಯಬಹುದೆಂದು ಸರ್ಕಾರ ಅವಕಾಶ ಕೊಟ್ಟಿತ್ತು. ನಿಜವಾದ ಪ್ರಕರಣ ನಡೆದದ್ದು ಈ ಮೂರು ತಿಂಗಳಲ್ಲಿ.

ನಾರ್ವೆಯ ಕಾನೂನಿನಲ್ಲಿ ಸಾಮಾನ್ಯವಾಗಿ ಒಂದು ತಿಂಗಳ ನೋಟಿಸ್ ಕೊಡಬೇಕು. ಐದು ವರ್ಷ ದುಡಿದವನಿಗೆ ಎರಡು ತಿಂಗಳು, ಹತ್ತು ವರ್ಷ ದುಡಿದವನಿಗೆ ಮೂರು ತಿಂಗಳು. 30 ದಿನಗಳೊಳಗೆ ಹತ್ತು ಅಥವಾ ಹೆಚ್ಚು ಜನರನ್ನು ತೆಗೆಯುವುದಾದರೆ ಅದು ಸಾಮೂಹಿಕ ವಜಾ ಎನಿಸಿಕೊಳ್ಳುತ್ತದೆ. ಆಗ ಕಾರ್ಮಿಕ ಪ್ರತಿನಿಧಿಗಳೊಂದಿಗೆ ಚರ್ಚಿಸಬೇಕು, ಸರ್ಕಾರದ ಉದ್ಯೋಗ ಮತ್ತು ಕಲ್ಯಾಣ ಇಲಾಖೆಗೆ ತಿಳಿಸಬೇಕು, ತಿಳಿಸಿದ 30 ದಿನಗಳ ಮೊದಲು ವಜಾ ಜಾರಿಯಾಗುವುದಿಲ್ಲ. ಜೂನ್ ಕೊನೆಗೆ ವ್ಯಾಪಾರ ನಿಲ್ಲುವುದು ಖಚಿತವಾದ ಏಜೆನ್ಸಿ ಈ ಗಡುವುಗಳನ್ನು ಹಿಂದಕ್ಕೆ ಎಣಿಸಿದರೆ ವಸಂತದಲ್ಲೇ ಪತ್ರಗಳನ್ನು ಬರೆಯಬೇಕಾಗುತ್ತದೆ. ಕೆಲಸವಿಲ್ಲದ ಅವಧಿಗೆ ನೌಕರನನ್ನು ತಾತ್ಕಾಲಿಕವಾಗಿ ಮನೆಗೆ ಕಳುಹಿಸಿ ನಿರುದ್ಯೋಗ ಭತ್ಯೆಯ ಮೇಲೆ ಇರಿಸುವ ವ್ಯವಸ್ಥೆ ನಾರ್ವೆಯಲ್ಲಿದೆ. ಆದರೆ ಅದಕ್ಕೆ ಕೆಲಸದ ಕೊರತೆ ತಾತ್ಕಾಲಿಕವಾಗಿರಬೇಕು. ಮುಂದೆಂದೂ ಮರಳದ ಕೆಲಸಕ್ಕೆ ಅದು ಹೊಂದುವುದಿಲ್ಲ.

ಈಗ ಒಬ್ಬ ಬಡಗಿಯನ್ನು ಉದಾಹರಣೆಗೆಂದು ಕಲ್ಪಿಸಿಕೊಳ್ಳೋಣ. ಪೋಲೆಂಡಿನವನು, ಏಜೆನ್ಸಿಯಲ್ಲಿ ನಾಲ್ಕು ವರ್ಷ, ಈಚಿನ ಎರಡು ವರ್ಷ ಒಂದೇ ಕಟ್ಟಡ ಕಂಪನಿಯ ಬೇರೆ ಬೇರೆ ಕಾಮಗಾರಿಗಳಲ್ಲಿ ದುಡಿದಿದ್ದಾನೆ. ಮೇ ತಿಂಗಳಲ್ಲಿ ಅವನ ಮುಂದೆ ಇದ್ದ ದಾರಿಗಳು ಯಾವುವು?

ಕಟ್ಟಡ ಕಂಪನಿಯೇ ಅವನನ್ನು ನೇರವಾಗಿ ನೇಮಿಸಿಕೊಳ್ಳಬಹುದು. ಕಾನೂನು ಬಯಸಿದ್ದು ಇದನ್ನೇ. ನುರಿತ, ಭಾಷೆ ಸ್ವಲ್ಪ ಬಲ್ಲ, ಮೇಲ್ವಿಚಾರಕರಿಗೆ ಹೆಸರು ಹಿಡಿದು ಪರಿಚಯವಿದ್ದ ಕೆಲಸಗಾರರ ವಿಷಯದಲ್ಲಿ ಇದು ನಡೆಯಿತು. ಮೂರು ವರ್ಷ ಎಡೆಬಿಡದೆ ಒಂದೇ ಕಂಪನಿಗೆ ಎರವಲಾಗಿ ದುಡಿದವನಿಗೆ ಅಲ್ಲೇ ಕಾಯಂ ಆಗುವ ಹಕ್ಕೂ ಇದೆ. ನಮ್ಮ ಬಡಗಿಗೆ ಎರಡೇ ವರ್ಷ, ಆದ್ದರಿಂದ ಆ ಹಕ್ಕು ಅವನಿಗೆ ಸಿಗುವುದಿಲ್ಲ.

ಏಜೆನ್ಸಿ ಅವನನ್ನು ಬರ್ಗನ್‌ಗೋ ಸ್ಟಾವಂಗರ್‌ಗೋ ಕಳುಹಿಸಬಹುದು. ಅಲ್ಲಿ ಪ್ರದೇಶವಾರು ನಿಷೇಧವಿಲ್ಲ. ಆದರೆ ತಾತ್ಕಾಲಿಕ ಕೆಲಸದ ಕಾರಣ ದೇಶದಾದ್ಯಂತ ಹೋಗಿರುವುದರಿಂದ, ಅಲ್ಲಿನ ಗಿರಾಕಿ ಕಂಪನಿಗೆ ಸಾಮೂಹಿಕ ಒಪ್ಪಂದವೂ ಕಾರ್ಮಿಕ ಪ್ರತಿನಿಧಿಯ ಸಹಿಯೂ ಬೇಕು. ಸಂಘವಿಲ್ಲದ ಸಣ್ಣ ಕಂಪನಿಗಳು ಈ ದಾರಿಯಿಂದ ಹೊರಗೆ. ನಿಯಮದ ಈ ಪರಿಣಾಮದ ಬಗ್ಗೆ ಆಗ ಹೆಚ್ಚು ಚರ್ಚೆಯಾಗಲಿಲ್ಲವೆಂಬುದು ನನ್ನ ಅನಿಸಿಕೆ: ಏಜೆನ್ಸಿಗೆ ಕೆಲಸ ಸಿಗುವುದೋ ಇಲ್ಲವೋ ಎಂಬ ತೀರ್ಮಾನ ಗಿರಾಕಿ ಕಂಪನಿಯ ಮಾಲೀಕನ ಕೈಯಿಂದ ಅಲ್ಲಿನ ಕಾರ್ಮಿಕ ಪ್ರತಿನಿಧಿಯ ಮೇಜಿಗೆ ಸರಿಯಿತು.

ಮೂರನೆಯ ದಾರಿ ಏಜೆನ್ಸಿಯೇ ವೇಷ ಬದಲಿಸುವುದು. ಜನರನ್ನು ಎರವಲು ಕೊಡುವ ಬದಲು ಗೋಡೆ, ಛಾವಣಿ, ಬಣ್ಣ ಇಂಥ ಒಂದು ತುಂಡು ಕೆಲಸವನ್ನೇ ಉಪಗುತ್ತಿಗೆಗೆ ಹಿಡಿಯುವುದು. ಇದು ಕಾನೂನುಬದ್ಧ. ಆದರೆ ಕೆಲಸದ ಮೇಲ್ವಿಚಾರಣೆ ಯಾರದು, ಫಲಿತಾಂಶಕ್ಕೆ ಹೊಣೆ ಯಾರು ಎಂಬ ಪರೀಕ್ಷೆಯನ್ನು ಶಾಸಕರು ಅದೇ ತಿದ್ದುಪಡಿಯಲ್ಲಿ ಕಾಯ್ದೆಯೊಳಗೇ ಬರೆದಿಟ್ಟರು. ಗೋಡೆ ಸೊಟ್ಟಗಾದರೆ ತನ್ನ ಖರ್ಚಿನಲ್ಲಿ ಕೆಡವಿ ಕಟ್ಟಿಕೊಡಬೇಕಾದವನು ಗುತ್ತಿಗೆದಾರ. ಗಂಟೆಗೆ ಇಷ್ಟೆಂದು ಬಿಲ್ ಕಳುಹಿಸಿ ಕೈ ತೊಳೆದುಕೊಳ್ಳುವವನು, ಹೆಸರು ಏನೇ ಇಟ್ಟುಕೊಂಡರೂ, ಏಜೆನ್ಸಿಯೇ. ನಿಜವಾದ ಗುತ್ತಿಗೆದಾರನಾಗಲು ಎಂಜಿನಿಯರುಗಳು, ಸಲಕರಣೆ, ಬಂಡವಾಳ ಬೇಕು. ಸಂದರ್ಶಕರೂ ವೇತನ ಗುಮಾಸ್ತರೂ ಮಾತ್ರ ಇದ್ದ ಕಚೇರಿಗಳಿಗೆ ಅದು ಒಂದು ಬೇಸಿಗೆಯಲ್ಲಿ ಒದಗುವಂಥದ್ದಲ್ಲ.

ಇಲ್ಲೊಂದು ಅಪವಾದವನ್ನು ಹೇಳಬೇಕು. ಎರವಲು ಕೊಡುವುದೇ ಕಸುಬಲ್ಲದ ಕಟ್ಟಡ ಕಂಪನಿಯೊಂದು ತನ್ನ ಕೆಲಸಗಾರರನ್ನು ಇನ್ನೊಂದು ಕಟ್ಟಡ ಕಂಪನಿಗೆ ಕೆಲಕಾಲ ಕೊಡುವುದು ನಿಷೇಧದ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ ಹಳ್ಳಿಗಳ ಮುಯ್ಯಾಳಿನ ದೂರದ ನೆಂಟನೆನ್ನಬಹುದಾದ, ಆದರೆ ಬಿಲ್ಲಿನೊಂದಿಗೆ ನಡೆಯುವ ಈ ಪದ್ಧತಿ ಉಳಿದುಕೊಂಡಿತು. ಹಾಗಾಗಿ ನಿಷೇಧಕ್ಕೆ ಒಳಗಾದದ್ದು ಎರವಲು ದುಡಿಮೆಯಲ್ಲ, ಎರವಲನ್ನೇ ಕಸುಬಾಗಿ ಮಾಡಿಕೊಂಡವರು.

ನಾಲ್ಕನೆಯ ದಾರಿ ನೋಟಿಸ್ ಪತ್ರ.

ಕಾಣದೆ ಹೋದ ನಷ್ಟ

ಜುಲೈ 1ರ ಗಡುವು ಬಿದ್ದ ಕಾಲವನ್ನು ಗಮನಿಸಬೇಕು. ನಾರ್ವೆಯಲ್ಲಿ ಜುಲೈನ ಮೂರು ವಾರ ಕಟ್ಟಡ ಕ್ಷೇತ್ರ ಸಾಮೂಹಿಕ ರಜೆಯಲ್ಲಿರುತ್ತದೆ, ಕಾಮಗಾರಿಗಳು ಸುಮ್ಮನಿರುತ್ತವೆ, ಪೂರ್ವ ಯುರೋಪಿನ ಕೆಲಸಗಾರರು ಊರಿಗೆ ಹೋಗುತ್ತಾರೆ. ಜೂನ್ ಕೊನೆಗೆ ಒಪ್ಪಂದ ಮುಗಿದವನು ಎಂದಿನಂತೆ ಚೀಲ ಕಟ್ಟಿಕೊಂಡು ಹೊರಟ. ಆಗಸ್ಟ್‌ನಲ್ಲಿ ಕರೆ ಬರಲಿಲ್ಲವಾದರೆ ಅವನು ಮರಳಲಿಲ್ಲ. ನಾರ್ವೆಯ ನಿರುದ್ಯೋಗ ಭತ್ಯೆ ಹಿಂದಿನ ಆದಾಯದ ಶೇಕಡಾ 62.4ರಷ್ಟಿದ್ದರೂ ಅದನ್ನು ಪಡೆಯಲು ಸಾಮಾನ್ಯವಾಗಿ ದೇಶದಲ್ಲೇ ಇದ್ದು ಕೆಲಸ ಹುಡುಕುತ್ತಿರಬೇಕು. ಬೇರೆ ಯುರೋಪಿಯನ್ ದೇಶದಲ್ಲಿ ಕೆಲಸ ಹುಡುಕಲು ಹೋಗುವವನು ಮುಂಚಿತವಾಗಿ ಅರ್ಜಿ ಹಾಕಿ ಮೂರು ತಿಂಗಳ ಮಟ್ಟಿಗೆ ಅದನ್ನು ಜೊತೆಗೆ ಒಯ್ಯಬಹುದು. ಏಜೆನ್ಸಿ ಒದಗಿಸಿದ ಕೋಣೆಯಲ್ಲಿದ್ದವನಿಗೆ ಕೆಲಸದೊಂದಿಗೆ ಕೋಣೆಯೂ ಹೋದಾಗ ದೇಶದಲ್ಲೇ ಇದ್ದು ಕೆಲಸ ಹುಡುಕುವುದು ಅಷ್ಟು ಸುಲಭವಲ್ಲ.

ಹೀಗೆ ಹೊರಟವರು ನಾರ್ವೆಯ ನಿರುದ್ಯೋಗದ ಅಂಕಿಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ. ನಿರುದ್ಯೋಗ ಏರಲಿಲ್ಲ, ಆದ್ದರಿಂದ ಕೆಲಸ ಹೋಗಲಿಲ್ಲ ಎಂದು ಯಾರಾದರೂ ವಾದಿಸಿದರೆ, ಲೆಕ್ಕ ಹಾಕುವ ಜಾಗದಿಂದ ಜನ ಹೊರಟುಹೋಗಿರುವ ಸಾಧ್ಯತೆಯನ್ನು ಅವರು ಮರೆತಿದ್ದಾರೆ ಎನ್ನಬೇಕು. ಏಜೆನ್ಸಿಗಳು ಬಿಲ್ ಮಾಡಿದ ಗಂಟೆಗಳ ಇಳಿಕೆಯನ್ನು ತೋರಿಸಿ ಇಷ್ಟೂ ಕೆಲಸ ನಾಶವಾಯಿತು ಎನ್ನುವುದೂ ಅಷ್ಟೇ ಅಪೂರ್ಣ, ಏಕೆಂದರೆ ನೇರ ನೇಮಕಾತಿಗೆ ಹೋದವರ ಗಂಟೆಗಳು ಬೇರೊಬ್ಬರ ಪುಸ್ತಕದಲ್ಲಿ ಇನ್ನೂ ಓಡುತ್ತಿವೆ.

ಯಾವ ಗೊಂದಲವೂ ಇಲ್ಲದೆ ಕಳೆದುಹೋದ ಕೆಲಸಗಳೆಂದರೆ ಏಜೆನ್ಸಿ ಕಚೇರಿಗಳ ಒಳಗಿನವು. ಕೆಲಸಗಾರರನ್ನು ಆರಿಸುವವರು, ಗಿರಾಕಿಗಳೊಂದಿಗೆ ಮಾತಾಡುವವರು, ಗಂಟೆಗಳನ್ನು ದಾಖಲಿಸಿ ಸಂಬಳ ಹಾಕುವವರು. ಕೆಲವು ಕಚೇರಿಗಳು ಸಿಬ್ಬಂದಿಯನ್ನು ಕಡಿಮೆ ಮಾಡಿದವು, ಕೆಲವು ಬಾಗಿಲು ಹಾಕಿದವು. ಇವರ ಕೆಲಸ ಕಟ್ಟಡ ಕಂಪನಿಗೆ ವರ್ಗವಾಗುವಂಥದ್ದಲ್ಲ, ಅಲ್ಲಿ ಅದನ್ನು ಮಾಡುವವರು ಮೊದಲೇ ಇದ್ದಾರೆ. ಏಜೆನ್ಸಿ ಎಂದರೆ ಶೋಷಣೆ ಎಂದು ನೋಡುವ ಕಣ್ಣಿಗೆ ಈ ಗುಮಾಸ್ತರು ಕಾಣುವುದು ಕಡಿಮೆ. ಆದರೆ ಪೋಲಿಷ್ ಬಡಗಿಯ ತೆರಿಗೆ ಚೀಟಿಯನ್ನು ಅವನ ಭಾಷೆಯಲ್ಲೇ ವಿವರಿಸಿ ಹೇಳುತ್ತಿದ್ದವರು ಹಲವೊಮ್ಮೆ ಅವನಂತೆಯೇ ಆ ದೇಶದಿಂದ ಬಂದು ಮೇಜಿನ ಈಚೆ ಕೂತಿದ್ದವರು.

ಇನ್ನು ಬಡ್ಡಿ ದರ. ನಾರ್ವೆಯ ಕೇಂದ್ರ ಬ್ಯಾಂಕು 2021ರ ಸೆಪ್ಟೆಂಬರ್‌ವರೆಗೆ ಸೊನ್ನೆಯಲ್ಲಿಟ್ಟಿದ್ದ ದರವನ್ನು ಏರಿಸುತ್ತ ಹೋಗಿ 2023ರ ಡಿಸೆಂಬರ್‌ಗೆ ಶೇಕಡಾ 4.5ಕ್ಕೆ ತಂದು ನಿಲ್ಲಿಸಿತು. ಕಟ್ಟಡ ಸಾಮಗ್ರಿಗಳು ತುಟ್ಟಿಯಾಗಿದ್ದವು, ಹೊಸ ಮನೆಗಳ ಮಾರಾಟ ಕುಸಿಯಿತು, ಹೊಸ ಕಾಮಗಾರಿಗಳು ಮುಂದಕ್ಕೆ ಹೋದವು. ಈ ಹೊತ್ತಿನಲ್ಲಿ ನಿಷೇಧವೇ ಬಾರದಿದ್ದರೂ ಮೊದಲು ಮನೆಗೆ ಹೋಗುತ್ತಿದ್ದವರು ಎರವಲು ಕೆಲಸಗಾರರೇ. ಬೇಡಿಕೆ ಇಳಿದಾಗ ಫೋನ್ ಕರೆ ನಿಲ್ಲಿಸಿದರೆ ಸಾಕು ಎಂಬುದಕ್ಕಾಗಿಯೇ ಕಂಪನಿಗಳು ಅವರನ್ನು ಇಟ್ಟುಕೊಂಡಿದ್ದದ್ದು. ಒಂದೇ ಬೇಸಿಗೆಯಲ್ಲಿ ಬಂದ ಎರಡು ಪೆಟ್ಟುಗಳಲ್ಲಿ ಯಾವುದರ ಗಾಯ ಎಷ್ಟು ಎಂದು ಬಿಡಿಸಲು ನಿಷೇಧವಿದ್ದ ಪ್ರದೇಶವನ್ನೂ ಇಲ್ಲದ ಪ್ರದೇಶವನ್ನೂ ಹೋಲಿಸಬೇಕು. ಆ ಹೋಲಿಕೆಯೂ ಅಷ್ಟು ನೇರವಲ್ಲ: ತಾತ್ಕಾಲಿಕ ಕೆಲಸದ ಕಾರಣ ಎಲ್ಲೆಡೆಯೂ ಹೋಗಿತ್ತು, ಮನೆ ಮಾರುಕಟ್ಟೆಯ ಕುಸಿತವೂ ಎಲ್ಲೆಡೆ ಒಂದೇ ಪ್ರಮಾಣದಲ್ಲಿರಲಿಲ್ಲ. ಬಡ್ಡಿ ದರದ ಪಾಲನ್ನು ಲೆಕ್ಕಕ್ಕೆ ಹಿಡಿಯದೆ ಇಡೀ ನಷ್ಟವನ್ನು ನಿಯಮದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಬಡ್ಡಿ ಇಳಿದು ಮನೆಗಳು ಮತ್ತೆ ಏಳುವಾಗ ಏಜೆನ್ಸಿಯ ಬಾಗಿಲಿಗೆ ಆ ಕೆಲಸ ಮರಳುವುದಿಲ್ಲ ಎಂಬುದು ನಿಯಮದ್ದೇ ಫಲ.

ನಮ್ಮ ಕಡೆಯ ಒಂದು ನೆನಪು

ಮಧ್ಯವರ್ತಿಯನ್ನು ನಿಷೇಧಿಸಿದ ಮೇಲೆ ಅವನ ಕೆಲಸಗಾರರು ಯಾರ ಪಾಲಿಗೆ ಎಂಬ ಪ್ರಶ್ನೆಯನ್ನು ಭಾರತ ಬಹಳ ಹಿಂದೆಯೇ ಎದುರಿಸಿದೆ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 10ನೇ ಸೆಕ್ಷನ್ ಅಡಿ ಸರ್ಕಾರ ಒಂದು ಬಗೆಯ ಕೆಲಸದಲ್ಲಿ ಗುತ್ತಿಗೆ ಕಾರ್ಮಿಕರನ್ನು ನಿಷೇಧಿಸಬಹುದಿತ್ತು. ಹಾಗೆ ನಿಷೇಧಿಸಿದರೆ ಆ ಕಾರ್ಮಿಕರು ತಾವಾಗಿಯೇ ಮೂಲ ಮಾಲೀಕನ ನೌಕರರಾಗುತ್ತಾರೆ ಎಂದು 1996ರಲ್ಲಿ ಏರ್ ಇಂಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2001ರ ಆಗಸ್ಟ್ 30ರಂದು ಸ್ಟೀಲ್ ಅಥಾರಿಟಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿ, ಕಾಯ್ದೆಯಲ್ಲಿ ಅಂಥ ತಾನಾಗಿಯೇ ಆಗುವ ಸೇರ್ಪಡೆಯ ಮಾತಿಲ್ಲ ಎಂದಿತು. ಗುತ್ತಿಗೆ ಬರಿಯ ನೆಪವಾಗಿತ್ತು ಎಂದು ಸಾಬೀತಾದರೆ ಮಾತ್ರ ಕಾರ್ಮಿಕ ಮೂಲ ಮಾಲೀಕನವನು. ಅಂದಿನಿಂದ ನಿಷೇಧದ ಅಧಿಸೂಚನೆಯನ್ನೇ ಬೇಡಿ ಹೋರಾಡಿದ ಕಾರ್ಮಿಕನಿಗೆ ಅದು ಹೊರಬಿದ್ದ ದಿನವೇ ಕೆಲಸ ಹೋಗುವ ಭಯ ಅಂಟಿಕೊಂಡಿತು.

ನಾರ್ವೆಯ ಶಾಸಕರು ಈ ತೀರ್ಪುಗಳನ್ನು ಓದಿರಬೇಕಾದ ಅಗತ್ಯವೇನೂ ಇಲ್ಲ. ಆದರೂ ಅವರ ನಿಯಮದ ಕಟ್ಟಡದಲ್ಲಿ ಬಿರುಕು ಬಿಟ್ಟಿರುವುದು ಇದೇ ಜಾಗದಲ್ಲಿ. ಕೆಲಸದ ಕೊರತೆಯಿಂದ ವಜಾ ಆದವನಿಗೆ ಒಂದು ವರ್ಷದವರೆಗೆ ಮತ್ತೆ ನೇಮಕಾತಿಯಲ್ಲಿ ಆದ್ಯತೆ ಕೊಡಬೇಕೆಂಬ ಒಳ್ಳೆಯ ನಿಯಮ ನಾರ್ವೆಯಲ್ಲಿದೆ. ಆದರೆ 2023ರಲ್ಲಿ ಆ ಆದ್ಯತೆ ಇದ್ದದ್ದು ವಜಾ ಮಾಡಿದ ಮಾಲೀಕನ ಬಳಿ ಮಾತ್ರ. ನಮ್ಮ ಬಡಗಿಯ ಮಾಲೀಕ ಏಜೆನ್ಸಿ. ಅದರ ಬಳಿ ಕೊಡಲು ಕೆಲಸವೇ ಇಲ್ಲ. ಕೆಲಸ ಇರುವುದು ಕಟ್ಟಡ ಕಂಪನಿಯ ಬಳಿ, ಆದರೆ ಅಲ್ಲಿ ಅವನಿಗೆ ಆದ್ಯತೆ ಇಲ್ಲ. ನಿಷೇಧದಿಂದ ಎರವಲು ನಿಲ್ಲಿಸಬೇಕಾದ ಕಂಪನಿ ಮುಂದಿನ ಆರು ತಿಂಗಳಲ್ಲಿ ನೇರ ನೇಮಕಾತಿ ಮಾಡುವುದಾದರೆ ಮೊದಲು ತನ್ನ ಹಿಂದಿನ ಎರವಲು ಕೆಲಸಗಾರರಿಗೆ ಕೇಳಬೇಕು ಎಂಬ ಒಂದು ಸಾಲು ಸೇರಿದ್ದರೂ ಈ ಪ್ರಕರಣದ ಮುಖ ಬೇರೆಯಾಗುತ್ತಿತ್ತು ಎಂದು ನಾನು ಭಾವಿಸುತ್ತೇನೆ.

ಲಕ್ಸೆಂಬರ್ಗ್‌ನಲ್ಲಿ

ಕೆಲವು ಏಜೆನ್ಸಿಗಳು ಸರ್ಕಾರದ ವಿರುದ್ಧ ಓಸ್ಲೋ ಜಿಲ್ಲಾ ನ್ಯಾಯಾಲಯಕ್ಕೆ ಹೋದವು. ಸೇವೆಗಳನ್ನು ಮುಕ್ತವಾಗಿ ಒದಗಿಸುವ ಯುರೋಪಿಯನ್ ಒಪ್ಪಂದದ ಹಕ್ಕಿಗೆ ಈ ನಿಷೇಧ ವಿರುದ್ಧವಾಗಿದೆ ಎಂಬುದು ಅವುಗಳ ವಾದ. ಏಜೆನ್ಸಿ ಕೆಲಸದ ಬಗೆಗಿನ ಯುರೋಪಿಯನ್ ನಿರ್ದೇಶನವೊಂದು 2008ರಿಂದ ಇದೆ, ನಿರ್ಬಂಧಗಳಿಗೆ ಸಾರ್ವಜನಿಕ ಹಿತದ ಸಮರ್ಥನೆ ಬೇಕೆಂದು ಅದು ಹೇಳುತ್ತದೆ. ಆದರೆ ಆ ಸಾಲು ನಿಯಮಗಳನ್ನು ಪರಿಶೀಲಿಸುವ ಹೊಣೆಯನ್ನು ಸದಸ್ಯ ದೇಶಗಳ ಅಧಿಕಾರಿಗಳಿಗೆ ಹೊರಿಸುತ್ತದೆಯೇ ಹೊರತು ರಾಷ್ಟ್ರೀಯ ನ್ಯಾಯಾಲಯಗಳು ನಿರ್ಬಂಧವನ್ನು ಬದಿಗಿಡಬೇಕೆಂದು ಹೇಳುವುದಿಲ್ಲ ಎಂದು 2015ರಲ್ಲಿ ಫಿನ್ಲೆಂಡಿನ ಪ್ರಕರಣವೊಂದರಲ್ಲಿ ಯುರೋಪಿಯನ್ ನ್ಯಾಯಾಲಯ ತೀರ್ಮಾನಿಸಿತ್ತು. ಹಾಗಾಗಿ ಹೋರಾಟ ಸೇವಾ ಸ್ವಾತಂತ್ರ್ಯದ ಮೂಲ ನಿಯಮದ ಮೇಲೆ ನಿಂತಿತು.

ಓಸ್ಲೋ ನ್ಯಾಯಾಲಯ ಲಕ್ಸೆಂಬರ್ಗ್‌ನಲ್ಲಿರುವ ಎಫ್ಟಾ ನ್ಯಾಯಾಲಯದ (ಯುರೋಪಿಯನ್ ಆರ್ಥಿಕ ಪ್ರದೇಶದ ಒಪ್ಪಂದವನ್ನು ನಾರ್ವೆಯಂಥ, ಒಕ್ಕೂಟದ ಹೊರಗಿನ ದೇಶಗಳ ಮಟ್ಟಿಗೆ ಅರ್ಥೈಸುವ ನ್ಯಾಯಾಲಯ) ಅಭಿಪ್ರಾಯ ಕೇಳಿತು. 2024ರ ನವೆಂಬರ್ 20ರಂದು ಉತ್ತರ ಬಂತು. ಇಂಥ ನಿಷೇಧ ಸೇವಾ ಸ್ವಾತಂತ್ರ್ಯದ ಮೇಲಿನ ನಿರ್ಬಂಧವೇ. ಆದರೆ ಕಾರ್ಮಿಕರ ರಕ್ಷಣೆ, ನೇರವಾದ ಕಾಯಂ ಉದ್ಯೋಗ ಸಂಬಂಧವೇ ಮುಖ್ಯವಾಗಿರುವ ಕಾರ್ಮಿಕ ಮಾರುಕಟ್ಟೆಯನ್ನು ಉಳಿಸಿಕೊಳ್ಳುವುದು ಮುಂತಾದ ಉದ್ದೇಶಗಳು ಅದನ್ನು ಸಮರ್ಥಿಸಬಲ್ಲವು. ಉದ್ದೇಶಕ್ಕೆ ಈ ಕ್ರಮ ತಕ್ಕದ್ದೇ, ಅತಿಯಾಯಿತೇ ಎಂಬ ತೂಕವನ್ನು ರಾಷ್ಟ್ರೀಯ ನ್ಯಾಯಾಲಯವೇ ಹಾಕಬೇಕು.

ಈ ನಡುವೆ, 2024ರ ಜನವರಿ 1ರಂದು, ನಿಷೇಧದಲ್ಲಿ ಹೆಸರಿಸಿದ್ದ ವೀಕೆನ್ ಜಿಲ್ಲೆಯೇ ಇಲ್ಲವಾಯಿತು. ಹಿಂದಿನ ಸರ್ಕಾರ ಒಂದುಗೂಡಿಸಿದ್ದ ಅದನ್ನು ಮತ್ತೆ ಆಕೆರ್‌ಶುಸ್, ಬುಸ್ಕೆರುಡ್, ಎಸ್ಟ್‌ಫೋಲ್ಡ್ ಎಂದು ಮೂರಾಗಿ ಒಡೆಯಲಾಯಿತು. ನಿಷೇಧ ಮಾತ್ರ ಅದೇ ನೆಲದ ಮೇಲೆ ಮುಂದುವರಿಯಿತು. ಅದೇ ವರ್ಷದಿಂದ ಏಜೆನ್ಸಿಗಳು ಕೆಲಸ ನಡೆಸಲು ಕಾರ್ಮಿಕ ತಪಾಸಣಾ ಇಲಾಖೆಯ ಅನುಮೋದನೆ ಪಡೆಯಬೇಕೆಂಬ ನಿಯಮವೂ ಬಂತು.

ಲಕ್ಸೆಂಬರ್ಗ್‌ಗೆ ಹೋದ ಈ ವ್ಯಾಜ್ಯದಲ್ಲಿ ಒಂದು ಕಡೆ ಏಜೆನ್ಸಿಗಳಿದ್ದವು, ಇನ್ನೊಂದು ಕಡೆ ಸರ್ಕಾರವಿತ್ತು. ಬಡಗಿ ಎರಡೂ ಕಡೆಯಲ್ಲಿರಲಿಲ್ಲ. ತನ್ನನ್ನು ಎರವಲು ಪಡೆದ ಕಂಪನಿ ಕಾನೂನು ಮುರಿದಿದ್ದರೆ ಅಲ್ಲೇ ಕಾಯಂ ನೌಕರಿ ಕೊಡಿಸಿ ಎಂದು ಕೇಳುವ ಹಕ್ಕು ಅವನಿಗೆ ಕಾಯ್ದೆಯಲ್ಲಿದೆ. ಏಪ್ರಿಲ್‌ಗೆ ಮೊದಲಿನ ತನ್ನ ಎರಡು ವರ್ಷಗಳ ಎರವಲು ನಿಜವಾಗಿಯೂ ತಾತ್ಕಾಲಿಕ ಕೆಲಸಕ್ಕಾಗಿ ಇರಲಿಲ್ಲ ಎಂದು ಸಂಘದ ನೆರವಿನಿಂದ ತೋರಿಸಿಕೊಡುವ ಕಷ್ಟದ ದಾರಿಯೂ ಇತ್ತು. ಆದರೆ ನಿಯಮವನ್ನು ಅಕ್ಷರಶಃ ಪಾಲಿಸಿ, ಜೂನ್ 30ರಂದು ಅವನ ಗುರುತಿನ ಚೀಟಿಯನ್ನು ವಾಪಸು ಪಡೆದು, ರಜೆಯ ನಂತರ ಬೇರೊಬ್ಬನನ್ನು ನೇರವಾಗಿ ನೇಮಿಸಿಕೊಂಡ ಕಂಪನಿಯಿಂದ ಅವನಿಗೆ ಕೇಳಲು ಏನೂ ಇರಲಿಲ್ಲ.